ಹವಳದ ತೊಟ್ಟಿಯೂ ಎರಡು ಸೀಸೆಗಳೂ

ಗಾಜಿನ ತೊಟ್ಟಿಯಲ್ಲಿ ಕಡಲನ್ನು ಸಾಕುವುದು ಸಿರಿವಂತರ ಹವ್ಯಾಸ, ಅದರ ವಿಚಾರ ನಮಗೇಕೆ ಎಂದು ವಾಚಕರು ಕೇಳಬಹುದು. ಹವ್ಯಾಸವು ಸಿರಿವಂತರದೇ ನಿಜ. ಆದರೆ ಆ ತೊಟ್ಟಿಗೆ ದಿನವೂ ಮದ್ದು ಹಾಕುವ ಕೈ ಎಷ್ಟೋ ಸಲ ನಮ್ಮವರದು. ನನ್ನ ದೊಡ್ಡಪ್ಪನ ಮಗ ದುಬೈಯಲ್ಲಿ ಒಬ್ಬ ಧನಿಕರ ಮನೆಗೆಲಸಕ್ಕಿದ್ದಾನೆ. ಅಡಿಗೆ, ಕಾರು, ತೋಟ, ಇವುಗಳ ಜೊತೆಗೆ ಹವಳದ ತೊಟ್ಟಿಯೂ ಅವನ ಪಾಲಿಗೆ ಬಂದಿತು.

ಹವಳವು ಕಲ್ಲಲ್ಲ, ಜೀವಿ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ಕೂಡಿಸಿ ಅದು ತನ್ನ ಗೂಡನ್ನು ಕಟ್ಟಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಸುಣ್ಣಕ್ಕಾಗಿ ಸುಡುವ ಚಿಪ್ಪು ಕೂಡ ಇದೇ ವಸ್ತು. ಕಡಲಿನಲ್ಲಿ ಇವು ಬರಿದಾಗುವುದಿಲ್ಲ, ತೊಟ್ಟಿಯಲ್ಲಿ ಬರಿದಾಗುತ್ತವೆ. ಆದುದರಿಂದಲೇ ಎರಡು ಸೀಸೆ: ಒಂದರಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡು, ಇನ್ನೊಂದರಲ್ಲಿ ಅಡಿಗೆಯ ಸೋಡ ಅಥವಾ ಅದರ ಅಣ್ಣನಾದ ವಾಷಿಂಗ್ ಸೋಡ. (ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಿದರೆ ಮಜ್ಜಿಗೆಯಂತೆ ಬೆಳ್ಳಗಾಗಿ ಎಲ್ಲವೂ ತಳಕ್ಕಿಳಿಯುವುದು.)

"ತಮ್ಮಾ, ನೀನು ಬಿ.ಎ. ಓದುತ್ತೀಯಲ್ಲ, ಇದರ ಮೇಲೆ ಏನು ಬರೆದಿದೆ ಹೇಳು" ಎಂದು ಅಣ್ಣನು ಸೀಸೆಗಳ ಚಿತ್ರ ಕಳುಹಿಸಿದನು. ನಾನೂ ಹೆಮ್ಮೆಯಿಂದ ಹೇಳಿದೆ. ಮೊದಲನೆಯದು ಕ್ಯಾಲ್ಸಿಯಂ, ಸುಣ್ಣದ ಸತ್ವ, ಎಲುಬಿಗೆ ಒಳ್ಳೆಯದು, ಎರಡನೆಯದು ಕ್ಷಾರ. ನಿಘಂಟಿನ ಪ್ರಕಾರ ತಪ್ಪೇನೂ ಇರಲಿಲ್ಲ. ಕ್ಷಾರವೆಂದರೆ ಸುಡುವ ವಸ್ತುವೆಂದು ತಿಳಿದ ಅಣ್ಣನು ಅದನ್ನು ಕೈಬಿಗಿಹಿಡಿದು ಹಾಕಿ, ಸುಣ್ಣದ ಸತ್ವವನ್ನು ಧಾರಾಳವಾಗಿ ಸುರಿದನು. ತಿಂಗಳೊಪ್ಪತ್ತಿನಲ್ಲಿ ಹವಳದ ಬಣ್ಣ ಮಂಕಾಯಿತು. ಯಾರೋ ಬಂದು ಅಳೆದರೆ ಕ್ಯಾಲ್ಸಿಯಂ 500ರ ಮೇಲೆ, ಕ್ಷಾರತೆ 5 ಡಿಗ್ರಿ. ಈ ದಿನವೇ ಸರಿಪಡಿಸೆಂದು ಯಜಮಾನರ ಅಪ್ಪಣೆಯಾಯಿತು. ಅರ್ಧ ಸೀಸೆ ಒಮ್ಮೆಲೇ ಹೋಯಿತು. ಕೊಂಬೆ ಹವಳಗಳ ತುದಿಗಳು ಸುಟ್ಟಂತೆ ಬಿಳುಪೇರಿದವು. ಅಣ್ಣನ ಎರಡು ತಿಂಗಳ ಸಂಬಳಕ್ಕೆ ಕತ್ತರಿ ಬಿದ್ದಿತು.

ಆ ಮೇಲೆ ಓದಿ ನಾನು ತಿಳಿದುದಿಷ್ಟು. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ದಶಲಕ್ಷಕ್ಕೆ ಸುಮಾರು 420 ಭಾಗ, ಕ್ಷಾರತೆ ಸುಮಾರು 7 ಡಿಗ್ರಿ. ಹವಳವು 20 ಭಾಗ ಕ್ಯಾಲ್ಸಿಯಂ ತೆಗೆದುಕೊಂಡರೆ ಅದರೊಡನೆ 2.8 ಡಿಗ್ರಿ ಕ್ಷಾರತೆಯೂ ಹೋಗುತ್ತದೆ. 420ರಲ್ಲಿ 20 ಹೋದರೆ ಇಪ್ಪತ್ತರಲ್ಲೊಂದು ಪಾಲು, 7ರಲ್ಲಿ 2.8 ಹೋದರೆ ಹತ್ತರಲ್ಲಿ ನಾಲ್ಕು ಪಾಲು! ಕಣಜದ ತುಂಬ ಅಕ್ಕಿಯಿದ್ದು ಉಪ್ಪಿನ ಮರಿಗೆ ಬರಿದಾದ ಮನೆಯ ಸ್ಥಿತಿ ಇದು. ಮೊದಲು ಅಳೆಯಬೇಕಾದುದು ಕ್ಷಾರತೆಯನ್ನು. ಅದನ್ನು ಏರಿಸುವುದಾದರೂ ದಿನಕ್ಕೆ ಒಂದು ಡಿಗ್ರಿಯನ್ನು ಮೀರಬಾರದೆಂದು ಅನುಭವಿಗಳು ಹೇಳುತ್ತಾರೆ.

ಇಷ್ಟನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಹಿಡಿಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ಲೆಕ್ಕವನ್ನು ನನಗಿಂತ ಬೇಗ ಹಿಡಿದನು. ಹೀಗಿರುವಾಗ, ಸಾವಿರಾರು ದಿರ್ಹಮು ಕೊಟ್ಟು ಹವಳ ತರುವವರು, ಮದ್ದು ಹಾಕುವವನ ಕೈಗೆ ಅಳೆಯುವ ಸಾಧನವನ್ನೂ ಅವನಿಗೆ ತಿಳಿಯುವ ಭಾಷೆಯಲ್ಲಿ ನಾಲ್ಕು ಮಾತನ್ನೂ ಕೊಡದೆ, ಕೆಟ್ಟಾಗ ಸಂಬಳ ಹಿಡಿಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ತಾನಾಗಿ ಮದ್ದು ಹಾಕುವ ಪಂಪುಗಳಿವೆಯಲ್ಲ ಎನ್ನುವವರುಂಟು. ಪಂಪಾದರೂ ಹೇಳಿದಷ್ಟನ್ನೇ ಸುರಿಯುವುದು. ಎಷ್ಟೆಂದು ಹೇಳುವವನು ಅಳೆದಿರಬೇಕಲ್ಲವೆ? ಅರ್ಥವರಿಯದೆ ಪದವನ್ನು ಮಾತ್ರ ದಾಟಿಸಿದ ನನ್ನ ಪಾಲೂ ಈ ತಪ್ಪಿನಲ್ಲಿದೆ. ಆದರೆ ನನ್ನ ಸಂಬಳವನ್ನು ಯಾರೂ ಹಿಡಿಯಲಿಲ್ಲ.

ಈಗ ಅಣ್ಣನು ವಾರಕ್ಕೆರಡು ಸಲ ಬಣ್ಣ ತಿರುಗುವವರೆಗೆ ತೊಟ್ಟು ಎಣಿಸಿ ಅಂಕಿ ಕಳುಹಿಸುತ್ತಾನೆ. ಮೊನ್ನೆ ಬಂದುದು 7.8. ಆ ಪರೀಕ್ಷೆಯ ಪೆಟ್ಟಿಗೆಯನ್ನು ಅವನೇ ತನ್ನ ಕೈಯಿಂದ ಹಣ ಕೊಟ್ಟು ಕೊಂಡಿದ್ದಾನೆ.