ಸ್ಪರ್ಶದ ಉದ್ಯಮ: ಬಂಡವಾಳಕ್ಕೆ ಮುನ್ನ ಲೆಕ್ಕ

ಮಿಥ್ಯಾವಾಸ್ತವ ಅಥವಾ ವರ್ಚುಯಲ್ ರಿಯಾಲಿಟಿಯ ಕನ್ನಡಕ ಧರಿಸಿದವನಿಗೆ ದೃಶ್ಯವೂ ಶಬ್ದವೂ ಧಾರಾಳವಾಗಿ ದೊರೆಯುತ್ತವೆ. ಎದುರಿಗೆ ಕಾಣುವ ಲೋಟಕ್ಕೆ ಕೈಚಾಚಿದರೆ ಮಾತ್ರ ಬೆರಳಿಗೆ ಸಿಗುವುದು ಬರಿಯ ಗಾಳಿ. 2024ರಲ್ಲಿ 3,499 ಡಾಲರ್ ಆರಂಭಿಕ ಬೆಲೆಗೆ ಬಿಡುಗಡೆಯಾದ ಆಪಲ್ ಕಂಪನಿಯ ವಿಷನ್ ಪ್ರೊ ಸಹ ಬೆರಳಿನ ಚಲನೆಯನ್ನು ಕ್ಯಾಮೆರಾದಿಂದ ಗ್ರಹಿಸಿತೇ ಹೊರತು ಬೆರಳಿಗೆ ಏನನ್ನೂ ಮರಳಿ ಕೊಡಲಿಲ್ಲ. ಈ ಕೊರತೆಯನ್ನು ತುಂಬಬಲ್ಲವೆಂದು ಹೇಳಲಾಗುವ ಚತುರ ವಸ್ತುಗಳತ್ತ ರಾಜ್ಯದ ಸಣ್ಣ ಉದ್ಯಮಿಗಳ ಗಮನ ಹರಿಯುವುದು ಸಹಜ. ಆದರೆ ಗಮನ ಹರಿಸುವುದು ಬೇರೆ, ಹಣ ಹೂಡುವುದು ಬೇರೆ.

ಈ ವಸ್ತುಗಳು ಹೊಸವೇನಲ್ಲ. ಒತ್ತಿದರೆ ವಿದ್ಯುತ್ ಸೂಸುವ ಹರಳುಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲಿಯೇ ಗುರುತಿಸಿದ್ದರು. ಪೀಜೋ ಎನ್ನಲಾಗುವ ಇಂಥ ವಸ್ತುವಿಗೆ ವಿದ್ಯುತ್ ನೀಡಿದರೆ ಅದೇ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಒಂದೇ ತುಣುಕು ಬೆರಳಿನ ಒತ್ತಡವನ್ನು ಅಳೆಯಲೂಬಹುದು, ಬೆರಳಿಗೆ ಕಂಪನವನ್ನು ನೀಡಲೂಬಹುದು. ಮನುಷ್ಯನ ಚರ್ಮವು ಸೆಕೆಂಡಿಗೆ ಸುಮಾರು 250 ಕಂಪನಗಳನ್ನು ಅತ್ಯಂತ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಆ ವೇಗ ಪೀಜೋಗೆ ಸುಲಭಸಾಧ್ಯ. ಆದರೆ ಅದರ ಚಲನೆ ತನ್ನ ಉದ್ದದ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಕ್ಕಲ್ ಹಾಗೂ ಟೈಟಾನಿಯಂ ಬೆರೆತ ನಿಟಿನಾಲ್ ತಂತಿಯು ಕಾದಾಗ ಬಲವಾಗಿ ಸಂಕುಚಿಸುತ್ತದೆ, ತಣಿಯಲು ಮಾತ್ರ ತಡಮಾಡುತ್ತದೆ. ವಿದ್ಯುತ್ತಿಗೆ ಹಿಗ್ಗುವ ರಬ್ಬರಿನ ಪೊರೆಗೆ ಸಾಮಾನ್ಯವಾಗಿ ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಬೇಕು. ಸಕಲಗುಣಸಂಪನ್ನ ವಸ್ತು ಇನ್ನೂ ದೊರೆತಿಲ್ಲ.

ಹ್ಯಾಪ್ಟ್‌ಎಕ್ಸ್ ಕಂಪನಿ 2022ರಲ್ಲಿ ಪ್ರಕಟಿಸಿದ ಜಿ1 ಕೈಗವಸನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಜೋಡಿಗೆ 5,495 ಡಾಲರ್ ಬೆಲೆಯ ಈ ಕೈಗವಸು ಸ್ಪರ್ಶಾನುಭವ ನೀಡುವುದು ಸಂಕುಚಿತ ಗಾಳಿಯಿಂದ. ಅದಕ್ಕಾಗಿ ಬಳಸುವವನು ಬೆನ್ನಿಗೆ ಗಾಳಿಯ ಸಲಕರಣೆಯನ್ನೂ ಹೊರಬೇಕು. ಈ ಹೊರೆಯನ್ನು ಇಳಿಸುವ ವಸ್ತುವಿಗೆ ಮಾರುಕಟ್ಟೆ ಇದ್ದೇ ಇದೆ. ಆದರೆ ಅಷ್ಟು ಬೆಲೆ ತೆತ್ತು ಆಟಕ್ಕಾಗಿ ಕೈಗವಸು ಕೊಳ್ಳುವ ಗ್ರಾಹಕರು ವಿರಳ. ಆಟಿಕೆಯ ಸಂಖ್ಯೆಗಳನ್ನು ನಂಬಿ ಯೋಜನಾ ವರದಿ ಬರೆಯುವುದು ಅವಿವೇಕವೇ ಸರಿ.

ಎರಡನೆಯ ಅಪಾಯ ಪೇಟೆಂಟಿನದು. ಸ್ಪರ್ಶ ತಂತ್ರಜ್ಞಾನದ ಪೇಟೆಂಟುಗಳನ್ನು ಹೊಂದಿದ್ದ ಅಮೆರಿಕದ ಇಮ್ಮರ್ಶನ್ ಕಾರ್ಪೊರೇಷನ್ 2002ರಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಮೇಲೆ ದಾವೆ ಹೂಡಿತು. ಮೈಕ್ರೋಸಾಫ್ಟ್ 2003ರಲ್ಲಿ ರಾಜಿ ಮಾಡಿಕೊಂಡಿತು, ಸೋನಿ ಹೋರಾಡಿತು. 2004ರಲ್ಲಿ ಜ್ಯೂರಿಯು ಸೋನಿಯ ವಿರುದ್ಧ 8.2 ಕೋಟಿ ಡಾಲರ್ ಪರಿಹಾರ ನಿಗದಿಪಡಿಸಿತು. 2006ರ ಪ್ಲೇಸ್ಟೇಷನ್ 3ರ ನಿಯಂತ್ರಕದಲ್ಲಿ ಕಂಪನವೇ ಇರಲಿಲ್ಲ. ಚಲನ ಸಂವೇದಕಕ್ಕೆ ಅಡ್ಡಿಯಾಗುತ್ತದೆಂಬುದು ಕಂಪನಿ ನೀಡಿದ ಕಾರಣ. 2007ರಲ್ಲಿ ವ್ಯಾಜ್ಯ ರಾಜಿಯಾದ ಬಳಿಕ ಕಂಪನ ಮರಳಿ ಬಂದದ್ದು ಮಾತ್ರ ಎಲ್ಲರಿಗೂ ತಿಳಿದ ವಿಷಯ. ಸೋನಿಯಂಥ ಸಂಸ್ಥೆ ಇಂಥ ಪೆಟ್ಟನ್ನು ತಾಳಿಕೊಂಡೀತು. ಪೀಣ್ಯದ ಒಂದು ಘಟಕವು ಯಂತ್ರ ತರಿಸಿಕೊಂಡ ಮೇಲೆ ಇಂಥ ನೋಟಿಸು ಪಡೆದರೆ ಅದರ ಕಥೆ ಮುಗಿದಂತೆಯೇ. ಪೇಟೆಂಟ್ ಶೋಧನೆಯ ಶುಲ್ಕವನ್ನು ಯೋಜನಾ ವೆಚ್ಚದ ಮೊದಲ ಸಾಲಿನಲ್ಲಿ ತೋರಿಸುವುದು ಲೇಸು.

ಲೆಕ್ಕಪತ್ರದ ಪ್ರಶ್ನೆಯೂ ಸಾಮಾನ್ಯವಾದುದಲ್ಲ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಲಾಭನಷ್ಟ ಖಾತೆಗೇ ಹಾಕಬೇಕು. ತಾಂತ್ರಿಕ ಸಾಧ್ಯತೆ, ಮಾರಾಟದ ಉದ್ದೇಶ, ಸಂಪನ್ಮೂಲ, ಭವಿಷ್ಯದ ಲಾಭ ಮುಂತಾದುವನ್ನು ಸಾಬೀತುಪಡಿಸಿದ ನಂತರದ ಅಭಿವೃದ್ಧಿ ವೆಚ್ಚವನ್ನು ಮಾತ್ರ ಆಸ್ತಿಯೆಂದು ತೋರಿಸಲು ಅವಕಾಶವಿದೆ. ಅರ್ಥಾತ್, ಮೊದಲ ವರ್ಷಗಳಲ್ಲಿ ಆಢಾವೆ ಪತ್ರಿಕೆ ಬಡವಾಗಿಯೇ ಕಾಣುತ್ತದೆ. ಅಡಮಾನಕ್ಕೆ ಕಟ್ಟಡ, ಯಂತ್ರಗಳನ್ನು ಕೇಳುವ ಬ್ಯಾಂಕಿಗೆ ಅದು ರುಚಿಸದು. ಆಂತರಿಕ ಸಂಶೋಧನೆಗೆ ಒಂದು ಕಾಲದಲ್ಲಿ ಶೇ. 200ರವರೆಗೆ ದೊರೆಯುತ್ತಿದ್ದ ತೆರಿಗೆ ಕಡಿತವೂ 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿಯಿತು. ಆದುದರಿಂದ ಈ ಹಂತಕ್ಕೆ ಸಾಲಕ್ಕಿಂತ ಸ್ವಂತ ಬಂಡವಾಳ ಅಥವಾ ಅನುದಾನವೇ ಸೂಕ್ತ. ಬಡ್ಡಿ ಸಂಶೋಧನೆಯ ಫಲಕ್ಕಾಗಿ ಕಾಯುವುದಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೆ? ಖಂಡಿತ ಅಲ್ಲ. ಗ್ರಾಹಕನನ್ನು ಬದಲಿಸಿದರೆ ಲೆಕ್ಕವೂ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಬೆಂಗಳೂರಿನ ಮಿಮಿಕ್ ಸಂಸ್ಥೆಯು ವೈದ್ಯರ ಎಂಡೊಸ್ಕೋಪಿ ತರಬೇತಿಗೆ ಸ್ಪರ್ಶಾನುಭವವುಳ್ಳ ಸಿಮ್ಯುಲೇಟರ್ ರೂಪಿಸಿದೆ. ವೈದ್ಯಕೀಯ ಕಾಲೇಜು, ವೆಲ್ಡಿಂಗ್ ತರಬೇತಿ ಕೇಂದ್ರ, ವಿಮಾನ ನಿರ್ವಹಣಾ ಶಾಲೆ ಇವು ಸಾಧನವನ್ನು ಕೊಳ್ಳುವುದು ಮನರಂಜನೆಗಲ್ಲ, ತಪ್ಪಿನ ವೆಚ್ಚವನ್ನು ಉಳಿಸಲು. ಇಲ್ಲಿ ಬೆಲೆಗೆ ಸಮರ್ಥನೆ ಉಂಟು. ತೂಕವೂ ಇಲ್ಲಿ ಅಷ್ಟಾಗಿ ಬಾಧಿಸದು, ಮೇಜಿನ ಮೇಲೆ ಕೂರುವ ಯಂತ್ರಕ್ಕೆ ಬೆನ್ನುಹೊರೆಯ ಚಿಂತೆಯಿಲ್ಲ.

ಆಕಾರಸ್ಮೃತಿ ಮಿಶ್ರಲೋಹಗಳ ಮೇಲೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ದೀರ್ಘಕಾಲದ ಸಂಶೋಧನೆ ನಡೆದಿದೆ. ಎಕ್ಸ್‌ಆರ್ ಅನ್ನೂ ಒಳಗೊಂಡ 2024-29ರ ರಾಜ್ಯ ನೀತಿಯೂ ಜಾರಿಯಲ್ಲಿದೆ. ಆದರೆ ನೀತಿಯ ಮಾತು ಬಂದಾಗಲೆಲ್ಲ ಚರ್ಚೆ ಅನಿಮೇಷನ್ ಮತ್ತು ಗೇಮಿಂಗ್ ಸ್ಟುಡಿಯೋಗಳತ್ತಲೇ ವಾಲುತ್ತದೆ. ಪೀಜೋ ತುಣುಕನ್ನು ಅಂಟಿಸಿ, ಅದನ್ನು ಲಕ್ಷಾಂತರ ಬಾರಿ ಕಂಪಿಸಿ ಬಾಳಿಕೆ ಪರೀಕ್ಷಿಸುವ ಘಟಕದ ಹೆಸರು ಕೇಳಿಬರುವುದಿಲ್ಲ. ಸ್ವಂತವಾಗಿ ಅಂಥ ಪರೀಕ್ಷಾ ಸೌಲಭ್ಯ ಸ್ಥಾಪಿಸುವ ಶಕ್ತಿ ಸಣ್ಣ ಘಟಕಕ್ಕಿಲ್ಲ. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡುವ ಮುಂದಿನ ಬಜೆಟ್‌ಪೂರ್ವ ಮನವಿಯಲ್ಲಿ ಸಾಮಾನ್ಯ ಪರೀಕ್ಷಾ ಕೇಂದ್ರವೊಂದನ್ನೂ ಪೇಟೆಂಟ್ ಶೋಧನೆಗೆ ಭಾಗಶಃ ಸಹಾಯಧನವನ್ನೂ ಸೇರಿಸುವುದು ಸಮಂಜಸ.