ಹುಟ್ಟುತ್ತಲೇ ಅಳದ ಮಗು

"ಮಗು ಹುಟ್ಟುತ್ತಲೇ ಅಳಲಿಲ್ಲವಂತೆ" ಎಂಬ ಮಾತು ಹೆರಿಗೆ ಕೋಣೆಯಿಂದ ಹೊರಬಿದ್ದರೆ ಸಾಕು, ಮನೆಯವರ ಎದೆ ಧಸಕ್ಕೆನ್ನುತ್ತದೆ. ಮಿದುಳಿಗೆ ಆಮ್ಲಜನಕ ಸಾಲದೆ ಹೋಯಿತೇ? ಮುಂದೆ ನಡೆದೀತೇ, ಮಾತಾಡೀತೇ? ಮೊದಲ ದಿನವೇ ಉತ್ತರ ಹೇಳಿ ಎಂದರೆ ಯಾವ ಡಾಕ್ಟರಿಗೂ ಆಗದು. ಅದು ಸ್ವಲ್ಪ ಸ್ವಲ್ಪವಾಗಿ ತಿಳಿಯುವಂಥದು.

ಹುಟ್ಟಿದ 1ನೇ ಮತ್ತು 5ನೇ ನಿಮಿಷಕ್ಕೆ 10ಕ್ಕೆ ಇಷ್ಟೆಂದು ಎಪ್‌ಗಾರ್ ಅಂಕ ಕೊಡುತ್ತಾರೆ. ಅಮೆರಿಕದ ಡಾ. ವರ್ಜೀನಿಯಾ ಎಪ್‌ಗಾರ್ 1952ರಲ್ಲಿ ರೂಪಿಸಿದ ಈ ಅಂಕ ಮಗುವಿನ ಆಗಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮುಂದಿನ ಬದುಕನ್ನಲ್ಲ. ನಂತರದ ಮೂರು ದಿನ ಹೆಚ್ಚು ಹೇಳುತ್ತವೆ: ಮೊಲೆ ಚೀಪುತ್ತದೆಯೇ, ಮೈ ತೀರಾ ಸಡಿಲವೇ, ಫಿಟ್ಸ್ ಬಂತೇ? ಇವನ್ನೆಲ್ಲ ನೋಡಿ ಡಾಕ್ಟರು ತೊಂದರೆಯನ್ನು ಸೌಮ್ಯ, ಮಧ್ಯಮ, ತೀವ್ರ ಎಂದು ವಿಂಗಡಿಸುತ್ತಾರೆ. ಸೌಮ್ಯವಾದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತವೆ. ತೀವ್ರವಾದರೆ ಅಪಾಯ ಹೆಚ್ಚು. ನಡುವಿನದ್ದೇ ಹೇಳಲು ಕಷ್ಟ, ಅಲ್ಲಿ ಎಂ.ಆರ್.ಐ. ನೆರವಾಗುತ್ತದೆ.

ಮುಂದಿನ ಮುಖ್ಯ ಪರೀಕ್ಷೆ ಮೂರು ತಿಂಗಳ ನಂತರ. ತಪ್ಪಿಹೋಗುವುದೂ ಇದೇ! ಬಾಣಂತಿ ಕಾಪುವಿನಲ್ಲೋ ಕಾರ್ಕಳದಲ್ಲೋ ತವರಿನಲ್ಲಿರುತ್ತಾಳೆ. "ಮಗು ಹಾಲು ಕುಡೀತದೆ, ನಗ್ತದೆ. ಇನ್ನು ಮಣಿಪಾಲಕ್ಕೆ ಯಾಕೆ ಮಾರಾಯ್ತಿ?" ಅಂತಾರೆ ಹಿರಿಯರು.

ಹೋಗಲೇಬೇಕು. 3ರಿಂದ 5 ತಿಂಗಳ ನಡುವೆ, ಎಚ್ಚರವಾಗಿ ಅಂಗಾತ ಮಲಗಿದ ಮಗುವಿನ ಕತ್ತು, ಮೈ, ಕೈಕಾಲುಗಳಲ್ಲಿ ಎಡೆಬಿಡದ ಸಣ್ಣ ಸಣ್ಣ ಚಲನೆ ಇರುತ್ತದೆ. ತರಬೇತಿ ಪಡೆದವರು ಕೆಲವು ನಿಮಿಷ ವಿಡಿಯೋ ತೆಗೆದು ಅದನ್ನು ಗಮನಿಸುತ್ತಾರೆ. ಆ ಚಲನೆ ಇದ್ದರೆ ನಡಿಗೆಯ ಚಿಂತೆ ಬಹುಮಟ್ಟಿಗೆ ಕಡಿಮೆ. ಇಲ್ಲದಿದ್ದರೆ ಸೆರೆಬ್ರಲ್ ಪಾಲ್ಸಿಯ ಸಂಭವ ಹೆಚ್ಚು. ಆಗ ಮಗು ನಡೆಯುವ ವಯಸ್ಸು ಬರಲಿ ಎಂದು ಕಾಯದೆ ಕೂಡಲೇ ವ್ಯಾಯಾಮ ಶುರುಮಾಡಬಹುದು. ಕಣ್ಣು, ಕಿವಿಗಳ ಪರೀಕ್ಷೆಯನ್ನೂ ಮರೆಯಬೇಡಿ.

ಮನೆಯಲ್ಲಿ ನೀವೂ ಗಮನಿಸಿ:

* 4 ತಿಂಗಳಾದರೂ ಹೆಬ್ಬೆರಳನ್ನು ಒಳಗಿಟ್ಟು ಸದಾ ಮುಷ್ಟಿ ಬಿಗಿದಿರುವುದು.
* ಕತ್ತು ನಿಲ್ಲದಿರುವುದು.
* ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವುದು.

ಇಂಥದ್ದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರಂತೂ ಬಾಲಗ್ರಹವೆಂದು ದಾರ ಕಟ್ಟಿ ಕೂರಬೇಡಿ; ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಚೀಟಿಯನ್ನು ತಾಯಿ ಕಾರ್ಡ್ ಜೊತೆಗೇ ಜೋಪಾನವಾಗಿಡಿ. "ಮೂರು ತಿಂಗಳಿಗೆ ಎಲ್ಲಿ, ಯಾವ ತಾರೀಖು ತೋರಿಸಬೇಕು?" ಎಂದು ಹೊರಡುವ ಮೊದಲೇ ಕೇಳಿ, ಬರೆಸಿಕೊಳ್ಳಿ. ಮಗು ನಗುತ್ತಿದ್ದರೂ ಅವತ್ತು ತಪ್ಪದೆ ಹೋಗಿಬನ್ನಿ.