‘ಹಳೆಯದಾಯಿತು’ ಎಂಬುದು ಕಾರಣವಲ್ಲ

ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ನೋಡದ ವಿದ್ಯಾರ್ಥಿಗಳು ನಮ್ಮ ಭಾಗದಲ್ಲಿ ವಿರಳ. 24 ಕೋನಗಳ ನಕ್ಷತ್ರಾಕಾರದ ತಳವಿನ್ಯಾಸದ ಮೇಲೆ ನಿಂತಿರುವ ಆ ಕಟ್ಟಡವು 12ನೆಯ ಶತಮಾನದ್ದು. ಅದೂ ಹಳೆಯದೇ, ಆದರೂ ನಿಂತಿದೆ. ಈ ಗುಡಿಯ ನೆನಪು ನಮಗೆ ಬಂದುದು ಒಂದು ವಿಚಿತ್ರ ಸಂದರ್ಭದಲ್ಲಿ.

ಡಂಬಳಕ್ಕೆ ಸಮೀಪದ ಕಾಲೇಜೊಂದರಲ್ಲಿ ನಾವು ಭೌತಶಾಸ್ತ್ರದ ಪಾಠ ಹೇಳುತ್ತೇವೆ. ಅಲ್ಲಿ ಹತ್ತು ವರ್ಷಗಳಿಂದ ದುಡಿಯುತ್ತಿದ್ದ ಸರ್ವರ್ ಗಣಕವೊಂದು ಇದ್ದಕ್ಕಿದ್ದಂತೆ ಆರಿಹೋಗತೊಡಗಿತು. ಸರ್ವರ್ ಎಂದರೆ ಅನೇಕ ಗಣಕಗಳಿಗೆ ಒಂದೆಡೆಯಿಂದ ಕಡತಗಳನ್ನು ಒದಗಿಸುತ್ತ ಹಗಲಿರುಳೂ ನಡೆಯಬೇಕಾದ ಯಂತ್ರ. ವಿದ್ಯಾರ್ಥಿಗಳ ಪ್ರಾಯೋಗಿಕ ಅಂಕಗಳೆಲ್ಲವೂ ಅದರಲ್ಲಿಯೇ ಇದ್ದುವು. “ಮಶಿನ್‌ಗೆ ವಯಸ್ಸಾಗೇತ್ರಿ ಸರ, ಇನ್ನೇನ್ ಮಾಡೂದು?” ಎಂದು ಪ್ರಯೋಗಶಾಲೆಯ ಸಹಾಯಕರು ಹೇಳಿದರು. ಸಹೋದ್ಯೋಗಿಗಳೂ ಅದನ್ನೇ ಅನುಮೋದಿಸಿದರು. ಯಂತ್ರವನ್ನು ಗುಜರಿಗೆ ಹಾಕುವ ಮಾತೂ ಬಂದಿತು.

ವಯಸ್ಸು ಕಾರಣವಾಗಬಲ್ಲುದೆ? ವಯಸ್ಸೆಂಬುದು ಒಂದು ಅಳತೆ ಮಾತ್ರ. ಯಾವ ಭಾಗ ಸವೆಯಿತು, ಹೇಗೆ ಸವೆಯಿತು ಎಂದು ಹೇಳಿದಾಗಲೇ ಅದು ಕಾರಣವಾಗುತ್ತದೆ. ಈ ಭೇದವನ್ನು ನಮ್ಮ ವಿದ್ಯಾರ್ಥಿಗಳು ಕಲಿಯುತ್ತಿಲ್ಲವೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಎಲ್ಲ ಕಡತಗಳನ್ನೂ ಬೇರೆಡೆ ನಕಲು ಮಾಡಿ ಇರಿಸಿದೆವು. ಆ ಬಳಿಕ ನಾವೂ ತಪ್ಪುಗಳನ್ನು ಮಾಡಿದೆವೆಂದು ಒಪ್ಪಿಕೊಳ್ಳಬೇಕು. ವಿದ್ಯುತ್ತಿನ ಏರಿಳಿತವೇ ದೋಷವೆಂದು ಊಹಿಸಿ ಹೊಸ ಯುಪಿಎಸ್ ತರಿಸಿದೆವು. ಯಂತ್ರ ಮತ್ತೆ ಆರಿತು. ಅನಂತರ ಒಂದೇ ದಿನ ಎರಡು ಕೆಲಸ ಮಾಡಿದೆವು: ಒಳಗೆ ತುಂಬಿದ್ದ ಎರೆಮಣ್ಣಿನ ಧೂಳನ್ನು ತೆಗೆದೆವು, ಸ್ಮೃತಿ ಫಲಕಗಳನ್ನು ಕಿತ್ತು ಮರಳಿ ಕೂಡಿಸಿದೆವು. ಎಂಟು ದಿನ ಯಂತ್ರ ಸುಸೂತ್ರವಾಗಿ ನಡೆಯಿತು. ನಾವು ಹಿಗ್ಗಿದೆವು. ಒಂಬತ್ತನೆಯ ದಿನ ಅದು ಪುನಃ ಆರಿತು. ಆ ಎಂಟು ದಿನಗಳೂ ಕಾಲೇಜಿಗೆ ರಜೆಯಿತ್ತೆಂಬುದು ಆಗ ಹೊಳೆಯಿತು! ಕೆಲಸವಿಲ್ಲದ ಯಂತ್ರ ಕೆಡದಿದ್ದುದನ್ನು ನಾವು ಚಿಕಿತ್ಸೆಯ ಫಲವೆಂದು ತಿಳಿದಿದ್ದೆವು.

ಅಂದಿನಿಂದ ಒಂದು ದಿನಚರಿ ಇಟ್ಟೆವು. ದಿನಾಂಕ, ವೇಳೆ, ಕೋಣೆಯ ಉಷ್ಣತೆ, ಯಂತ್ರ ಆಗ ಮಾಡುತ್ತಿದ್ದ ಕೆಲಸ, ಇವಿಷ್ಟೇ ಅದರ ಅಂಕಣಗಳು. ಗಣಕವು ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನೂ ಓದಿದೆವು. ಕ್ರಮವಾಗಿ ಮುಚ್ಚಿಕೊಂಡ ಯಂತ್ರವು ಹಾಗೆಂದು ಕೊನೆಯ ಸಾಲಿನಲ್ಲಿ ಬರೆದಿರುತ್ತದೆ. ನಮ್ಮದು ಅರ್ಧಕ್ಕೇ ನಿಂತಿತ್ತು. ಎಂದರೆ ಅದರ ಕೈಯಿಂದ ಶಕ್ತಿಯನ್ನು ಯಾರೋ ಕಸಿದುಕೊಂಡಂತಿತ್ತು. ಮೂರು ವಾರಗಳಲ್ಲಿ ಹನ್ನೊಂದು ಸಲ ಯಂತ್ರ ಆರಿತು. ಅವುಗಳಲ್ಲಿ ಒಂಬತ್ತು, ತರಗತಿಯವರೆಲ್ಲ ಒಮ್ಮೆಗೇ ಕೆಲಸ ಹಚ್ಚಿದಾಗ ಇಲ್ಲವೆ ರಾತ್ರಿ ಕಡತಗಳ ನಕಲು ನಡೆಯುವಾಗ ಸಂಭವಿಸಿದುವು. ತಂಪಾದ ರಾತ್ರಿಯಲ್ಲಿಯೂ ಆರುವ ಯಂತ್ರದ ವಿಷಯದಲ್ಲಿ ಮಧ್ಯಾಹ್ನದ ಬಿಸಿಲನ್ನು ದೂರಿ ಫಲವೇನು? ಸಂದೇಹವು ವಿದ್ಯುತ್ ಪೂರೈಕೆಯ ಘಟಕದ ಮೇಲೆ ನಿಂತಿತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಅವಶ್ಯ. ಈ ಘಟಕವು 230 ವೋಲ್ಟುಗಳ ಪರ್ಯಾಯ ಪ್ರವಾಹವನ್ನು 12 ವೋಲ್ಟುಗಳ ನೇರ ಪ್ರವಾಹವಾಗಿ ಮಾರ್ಪಡಿಸುತ್ತದೆ. ವೋಲ್ಟೇಜು ಏರಿಳಿಯದಂತೆ ಕಾಯುವುದು ಅದರೊಳಗಿನ ಕೆಪಾಸಿಟರುಗಳ ಕೆಲಸ. ಬೇಡಿಕೆ ಹಠಾತ್ತನೆ ಏರಿದಾಗ ಕೆರೆಯ ನೀರಿನಂತೆ ಅವುಗಳ ಸಂಗ್ರಹ ಒದಗುತ್ತದೆ. ಇವುಗಳಲ್ಲಿ ದ್ರವ ತುಂಬಿದ ಬಗೆಯವು ಕಾಲಕ್ರಮದಲ್ಲಿ ಒಣಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧವಾಗುವುದೆಂಬುದು ಒಂದು ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಕೆಪಾಸಿಟರು 65 ಡಿಗ್ರಿಯಲ್ಲಿ ಅದರ ಹದಿನಾರು ಪಟ್ಟು, ಅಂದರೆ 80,000 ಗಂಟೆ, ಸುಮಾರು ಒಂಬತ್ತು ವರ್ಷ ಬಾಳೀತು. 75 ಡಿಗ್ರಿಯಲ್ಲಾದರೆ ನಾಲ್ಕೂವರೆ ವರ್ಷ ಮಾತ್ರ. ಗಾಳಿಯ ಹಾದಿಯನ್ನು ಧೂಳು ಮುಚ್ಚಿದರೆ ಆ ಹತ್ತು ಡಿಗ್ರಿ ಏರುವುದು ಕಷ್ಟವಲ್ಲ. ಒಣಗಿದ ಕೆಪಾಸಿಟರು ಹಠಾತ್ ಬೇಡಿಕೆಯನ್ನು ಪೂರೈಸಲಾರದೆ ವೋಲ್ಟೇಜು ಕುಸಿಯುತ್ತದೆ. ಯಂತ್ರವು ತನ್ನನ್ನು ರಕ್ಷಿಸಿಕೊಳ್ಳಲು ನಿಂತುಬಿಡುತ್ತದೆ.

ಇದು ಒಪ್ಪತಕ್ಕ ವಿವರಣೆ. ಆದರೆ ವಿವರಣೆಯು ಪ್ರಮಾಣವಲ್ಲ. ಅದೇ ಸಾಮರ್ಥ್ಯದ, ನಮ್ಮ ಯಂತ್ರಕ್ಕೆ ಹೊಂದುವ ಬೇರೊಂದು ಘಟಕವನ್ನು ಎರವಲು ತಂದು ಜೋಡಿಸಿದೆವು. ತರಗತಿಗಳು ತುಂಬಿ ನಡೆದ ಮೂರು ವಾರ ಯಂತ್ರ ಒಮ್ಮೆಯೂ ಆರಲಿಲ್ಲ. ಆಗ ಎಲ್ಲರ ಆಕ್ಷೇಪಣೆಯ ನಡುವೆ ಹಳೆಯ ಘಟಕವನ್ನೇ ಮರಳಿ ಜೋಡಿಸಿದೆವು. ಎರಡನೆಯ ದಿನವೇ ಯಂತ್ರ ಆರಿತು! ದೋಷವು ಘಟಕದೊಡನೆ ಹೋಗಿ ಘಟಕದೊಡನೆ ಬಂದಾಗ ನಮ್ಮ ಅನುಮಾನ ಜ್ಞಾನವಾಯಿತು. ಹೊಸ ಘಟಕ ತರಿಸಿದೆವು. ಸರ್ವರ್ ಇಂದಿಗೂ ದುಡಿಯುತ್ತಿದೆ.

ಈ ದಾರಿ ಹೊಸದಲ್ಲ. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದುವು. ಯಂತ್ರವನ್ನು ಹಚ್ಚುವಾಗ ಮತ್ತು ಆರಿಸುವಾಗಲೇ ಅವು ಹೆಚ್ಚಾಗಿ ಕೆಡುವುವೆಂಬುದನ್ನು ಅಲ್ಲಿನ ಎಂಜಿನಿಯರರು ಗಮನಿಸಿದರು. ಯಂತ್ರವನ್ನು ಆರಿಸದೆ ನಡೆಸಿದರು. ‘ಯಾವಾಗ?’ ಎಂದು ಕೇಳಿದುದರಿಂದಲೇ ಅವರಿಗೆ ಉಪಾಯ ದೊರೆಯಿತು.

ಇಷ್ಟೆಲ್ಲ ಶ್ರಮಕ್ಕಿಂತ ಹೊಸ ಯಂತ್ರ ಕೊಳ್ಳುವುದೇ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಆಸ್ಪತ್ರೆಯಂಥ ಕಡೆ, ಯಂತ್ರ ನಿಂತರೆ ಜೀವಕ್ಕೆ ಅಪಾಯವಿರುವಲ್ಲಿ, ಅದು ನ್ಯಾಯವೇ. ಆದರೆ ಕಾಲೇಜು ಕಲಿಯುವ ಸ್ಥಳ. ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಉತ್ತರವು ಮೊದಲೇ ತಿಳಿದಿರುತ್ತದೆ. ಗುರುತ್ವದ ಬೆಲೆ 9.8ರ ಹತ್ತಿರ ಬಾರದಿದ್ದರೆ ಅಂಕಿಗಳನ್ನು ತಿದ್ದುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಕೆಟ್ಟ ಯಂತ್ರದೆದುರು ಅಂಥ ತಿದ್ದುಪಡಿ ನಡೆಯದು. ಆದುದರಿಂದ ಪ್ರತಿಯೊಂದು ಪ್ರಯೋಗಶಾಲೆಯೂ ದೋಷಗಳ ದಿನಚರಿಯೊಂದನ್ನು ಇಡಬೇಕು. ವರ್ಷಕ್ಕೊಮ್ಮೆಯಾದರೂ ಉತ್ತರ ಗೊತ್ತಿಲ್ಲದ ದೋಷವೊಂದನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ವಿದ್ಯುತ್ ಪೂರೈಕೆಯ ಘಟಕವನ್ನು ಇಡಿಯಾಗಿ ಬದಲಿಸಿರಿ. ಅದರ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬೇಡಿರಿ. ತಂತಿ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟುಗಳಿಗೂ ಮಿಕ್ಕಿ ಉಳಿದಿರಬಹುದು. ಬಿಚ್ಚಬೇಕಾದುದು ದಿನಚರಿಯ ಪುಟಗಳನ್ನು. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ, ಬರೆದಿಡಿರಿ. ಮುಂದೆ ಯಾರಾದರೂ ‘ಹಳೆಯದಾಯಿತು’ ಎಂದರೆ, ‘ಯಾವ ಭಾಗ?’ ಎಂದು ವಿನಯದಿಂದ ಕೇಳಿರಿ.